ಪಾದ್ರಿಯ ಜಾಡಿಯೂ ಎಡಿಸನ್ನಿನ ಮಡಿಯೂ

ಸಂಕ್ರಾಂತಿ ಕಾರ್ಯಕ್ರಮದ ಫ್ಲೈಯರ್ ವಾಟ್ಸಾಪಿಗೆ ಬಂದಾಗ ನಾನು ಕಾಲೇಜಿನ ನೆಲಮಾಳಿಗೆಯಲ್ಲಿ ಕೂತು ಒಂದು ಲೋಲಕದ ಹಗ್ಗ ಬದಲಿಸುತ್ತಿದ್ದೆ. ಫೋಟೋದಲ್ಲಿ ನನ್ನ ಮುಖವನ್ನು ಮದುವೆ ಗಂಡಿನಷ್ಟು ಬೆಳ್ಳಗೆ ಮಾಡಿದ್ದರು. ಅದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಹೆಸರಿಗೆ ‘ಡಾ.’ ಎಂದು ಅಂಟಿಸಿ, ಕೆಳಗೆ ‘ಪ್ರಿನ್ಸ್‌ಟನ್ನಿನ ಖ್ಯಾತ ವಿಜ್ಞಾನಿ’ ಎಂದು ಬರೆದಿದ್ದರು. ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಖ್ಯಾತಿಯ ಮಾತು ಬಿಡಿ, ನನ್ನ ಬೀದಿಯ ಅಂಚೆಯವನಿಗೇ ನನ್ನ ಹೆಸರು ಸರಿಯಾಗಿ ಹೇಳಲು ಬರುವುದಿಲ್ಲ. ಪ್ರಿನ್ಸ್‌ಟನ್ ಮಾತ್ರ ಅರ್ಧ ನಿಜ. ಆ ಊರಿಗೆ ಹೋಗುವ ರಸ್ತೆಯಲ್ಲಿ, ಅದಕ್ಕಿಂತ ಬಹಳ ಮೊದಲೇ ಸಿಗುವ ಒಂದು ಸಣ್ಣ ಕಾಲೇಜಿನಲ್ಲಿ ನನಗೆ ಕೆಲಸ.

ನ್ಯೂಜೆರ್ಸಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

“ಸಾರ್, ಡಾಕ್ಟ್ರು ಅಂತ ಹಾಕಿದೀರಲ್ಲ. ನಾನು ಬರೀ ಬಿ.ಎಸ್ಸಿ.”

“ಅಯ್ಯೋ ಬಿಡಿ, ಪಿಎಚ್‌ಡಿ ಮಾಡಿರೋರೆಲ್ಲ ಇಲ್ಲಿ ಕೋಡ್ ಬರೀತಿದಾರೆ. ನೀವು ಫಿಸಿಕ್ಸ್ ಡಿಪಾರ್ಟ್‌ಮೆಂಟಲ್ಲೇ ಇದೀರ. ಟೆಕ್ನಿಕಲಿ ನೀವೇ ಜಾಸ್ತಿ ಡಾಕ್ಟ್ರು.”

“ಹಾಗಲ್ಲ ಸಾರ್. ಬಿ.ಎಸ್ಸಿ. ಅಂತಲೇ ಹಾಕಿ. ಅದನ್ನ ತಗೊಳಕ್ಕೇ ಸಾಕುಸಾಕಾಗಿತ್ತು ನಂಗೆ.”

“ನೋಡಿ, ಇಲ್ಲಿ ಎಲ್ರ ಮನೇಲೂ ಒಂದೊಂದು ಎಂ.ಎಸ್. ಇದೆ. ಬಿ.ಎಸ್ಸಿ. ನೋಡಕ್ಕೆ ಈ ಚಳೀಲಿ ಟರ್ನ್‌ಪೈಕ್ ಮೇಲೆ ಯಾರು ಡ್ರೈವ್ ಮಾಡ್ಕೊಂಡ್ ಬರ್ತಾರೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.”

ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ. ‘ಡಾ.’ ತೆಗೆಯದಿದ್ದರೆ ಬರುವುದಿಲ್ಲ ಎಂದೆ. ತೆಗೆದರು. ಆದರೆ ಬಿ.ಎಸ್ಸಿ. ಎಂದು ಹಾಕಲು ಅವರ ಕೈ ಬರಲಿಲ್ಲ. ಹೊಸ ಫ್ಲೈಯರಿನಲ್ಲಿ ನನ್ನ ಹೆಸರಿನ ಮುಂದೆ ಬರೀ ‘ಶ್ರೀ’ ಇತ್ತು.

ಆ ಪದವಿಯ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲಿಗ ನಾನೇ. ಅಪ್ಪ ಬೇಗ ಹೋದ. ಅವ್ವ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡುಗಳನ್ನು ಮುಳುಗಿಸಿ, ಎಳೆ ಹುಡುಕಿ, ಚರಕಕ್ಕೆ ಸುತ್ತಿಸುವ ಕೆಲಸ. ಸಂಜೆ ಬರುವಾಗ ಬೆರಳ ತುದಿಗಳು ಬೆಂದ ಅವರೆಕಾಳಿನ ಹಾಗೆ ಸುಕ್ಕಾಗಿರುತ್ತಿದ್ದವು. ನಾನು ಸರ್ಕಾರಿ ಕಾಲೇಜಿನಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲಕ್ಕೆ ದಡ ಮುಟ್ಟಿದವನು. ಆಮೇಲೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದೆ. ಹೆಂಡತಿ ನರ್ಸು. ನ್ಯೂಜೆರ್ಸಿಯ ಆಸ್ಪತ್ರೆ ಕರೆದದ್ದು ಅವಳನ್ನು. ನಾನು ಅವಳ ಲಗೇಜಿನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬಂದವನು. ಇದನ್ನು ಸಂಘದ ಪಾಟ್‌ಲಕ್ ಊಟದಲ್ಲಿ ಹೇಳಿದಾಗಲೆಲ್ಲ ಗಂಡಸರು ಪ್ಲೇಟಿನ ಕಡೆ ನೋಡುತ್ತಾರೆ.

ನನ್ನ ಕೆಲಸ ಏನೆಂದರೆ, ಪ್ರೊಫೆಸರುಗಳು ತರಗತಿಯಲ್ಲಿ ತೋರಿಸುವ ಪ್ರಯೋಗಗಳನ್ನು ಕಟ್ಟಿಕೊಡುವುದು. ಸೂರಿನಿಂದ ಇಳಿಬಿಟ್ಟ ಬೌಲಿಂಗ್ ಚೆಂಡನ್ನು ಪ್ರೊಫೆಸರ್ ತಮ್ಮ ಮೂಗಿನ ತುದಿಗೆ ಹಿಡಿದು ಬಿಡುತ್ತಾರೆ. ಅದು ತೂಗಿ ಹೋಗಿ, ಮರಳಿ ಬಂದು, ಮೂಗಿನ ಹತ್ತಿರ ಬಂದು ನಿಲ್ಲುತ್ತದೆ. ಹುಡುಗರು ಪ್ರೊಫೆಸರರ ಧೈರ್ಯಕ್ಕೆ ಚಪ್ಪಾಳೆ ತಟ್ಟುತ್ತಾರೆ. ಹಗ್ಗ ಕಟ್ಟಿದವನು ಬಾಗಿಲ ಹಿಂದೆ ನಿಂತಿರುತ್ತಾನೆ. ಆ ಮೂಗಿನ ಜವಾಬ್ದಾರಿ ಅವನದು.

ಆ ಚಳಿಗಾಲ ಅವ್ವ ನಮ್ಮ ಮನೆಯಲ್ಲಿದ್ದಳು. ಬಂದ ದಿನದಿಂದ ಒಂದೇ ಪ್ರಶ್ನೆ.

“ಅದೇನ್ಲಾ ನಿನ್ ಕೆಲ್ಸ? ಮೇಷ್ಟ್ರಾ?”

“ಅಲ್ಲ ಕಣವ್ವ. ಪಾಠ ಮಾಡೋರಿಗೆ ಸಾಮಾನು ಜೋಡಿಸಿಕೊಡೋದು.”

“ಅಂಗಂದ್ರೆ ಅಟೆಂಡ್ರು.”

“ಅಟೆಂಡರಲ್ಲ ಕಣವ್ವ.”

“ಮತ್ತಿನ್ನೇನು?”

ಊರಿನಲ್ಲಿ ನಮ್ಮ ಚಿಕ್ಕಪ್ಪ, ‘ಅಮೇರಿಕಾಕ್ಕೆ ಹೋಗಿ ಅಟೆಂಡರಾಗವ್ನೆ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಅವ್ವ ಎದುರು ಮಾತಾಡಲಾಗದೆ ಬಂದಿದ್ದಳು. ಮಗ ಏನು ಮಾಡುತ್ತಾನೆ ಎಂದು ಅವಳ ಬಾಯಲ್ಲೇ, ಅವಳದೇ ಮಾತಿನಲ್ಲಿ ಹೇಳುವ ಹಾಗಾಗಬೇಕು, ಅವಳು ವಾಪಸ್ ವಿಮಾನ ಹತ್ತುವ ಮೊದಲು. ನನಗೆ ಬೇಕಾಗಿದ್ದುದು ಇಷ್ಟೇ. ಕಾಲೇಜಿಗೆ ಕರೆದುಕೊಂಡು ಹೋಗಿ ತೋರಿಸೋಣವೆಂದರೆ ಚಳಿಗಾಲದ ರಜೆ, ತರಗತಿಗಳಿಲ್ಲ. ಹಾಗಾಗಿಯೇ ಸಂಘದವರು “ಮಕ್ಕಳಿಗೆ ಒಂದು ಸೈನ್ಸ್ ಐಟಂ ಮಾಡಿಕೊಡಿ” ಎಂದಾಗ ಒಪ್ಪಿಕೊಂಡೆ. ಇಲ್ಲದಿದ್ದರೆ ಆ ಸಂಘದ ದಿಕ್ಕಿಗೆ ತಲೆ ಹಾಕಿ ಮಲಗುವವನಲ್ಲ ನಾನು.

ವಿಷಯ ಮೊದಲೇ ಗೊತ್ತಿತ್ತು. ಸುಮಾರು ಮುನ್ನೂರು ವರ್ಷಗಳ ಹಿಂದಿನ ಒಬ್ಬ ಫ್ರೆಂಚ್ ಪಾದ್ರಿ. ಪಾದ್ರಿ ಎನ್ನುವುದು ನೆಪಕ್ಕೆ. ನಿಲುವಂಗಿ ಹಾಕಿಕೊಂಡಿದ್ದ ಎನ್ನುವುದು ಬಿಟ್ಟರೆ ಯಾವ ಚರ್ಚನ್ನೂ ನೋಡಿಕೊಂಡವನಲ್ಲ. ಹಳ್ಳಿಯ ಬಡ ಬೇಸಾಯಗಾರರ ಮಗ. ಊರಿನ ಗುರು ‘ಹುಡುಗ ಚುರುಕಿದ್ದಾನೆ, ಓದಿಸಿ’ ಎಂದದ್ದಕ್ಕೆ ಓದಿದವನು. ಆ ಕಾಲದಲ್ಲಿ ಬಡವರ ಮಕ್ಕಳಿಗೆ ಓದಿನ ಮನೆಗೆ ಇದ್ದ ಬಾಗಿಲು ಅದೊಂದೇ, ನಿಲುವಂಗಿ ಹಾಕಿಕೊಂಡೇ ಒಳಗೆ ಹೋಗಬೇಕಿತ್ತು. ಪ್ಯಾರಿಸ್ಸಿಗೆ ಹೋಗಿ ಗಾಜು, ಲೋಹ, ಮರ ಮೂರರಲ್ಲೂ ಕೈ ಪಳಗಿಸಿಕೊಂಡ. ದೊಡ್ಡ ಮನೆತನದ ವಿಜ್ಞಾನಿಗಳಿಗೆ ಸಹಾಯಕನಾದ. ಅವರಿಗೆ ತಲೆ ಇತ್ತು, ಇವನಿಗೆ ತಲೆಯ ಜೊತೆ ಕೈಯೂ ಇತ್ತು. ಆಮೇಲೆ ತನ್ನದೇ ಉಪಕರಣಗಳನ್ನು ಮಾಡಿ, ದುಡ್ಡು ಕೊಟ್ಟು ಬಂದವರಿಗೆ ಪ್ರಯೋಗ ತೋರಿಸಲು ಶುರುಮಾಡಿದ. ರಾಜಮನೆತನದ ಹೆಂಗಸರ ಸಾರೋಟುಗಳು ಅವನ ಬೀದಿಯಲ್ಲಿ ಸಾಲುಗಟ್ಟಿದವಂತೆ. ಅರಮನೆಯ ಮಕ್ಕಳಿಗೂ ಪಾಠ ಹೇಳಿದ. ಇಷ್ಟಾದ ಮೇಲೂ ವಯಸ್ಸಾದ ಕಾಲದಲ್ಲಿ ಅವನು ಬರೆದ ದಪ್ಪ ಪುಸ್ತಕ ಯಾವುದರ ಬಗ್ಗೆ ಗೊತ್ತೇ? ಉಪಕರಣಕ್ಕೆ ಯಾವ ಮರ ಒಳ್ಳೆಯದು, ವಾರ್ನಿಷ್ ಹೇಗೆ ಕಾಯಿಸಬೇಕು, ಗಾಜನ್ನು ಹೇಗೆ ಕೊರೆಯಬೇಕು. ನನ್ನ ಪಾಲಿಗೆ ಅವನು ಅಲ್ಲೇ ಗೆದ್ದುಬಿಟ್ಟ.

ಸಂಘದವರು ಸ್ಲೈಡುಗಳನ್ನು ಮೊದಲೇ ಕಳಿಸಿ ಎಂದಿದ್ದರು. ಕಳಿಸಿದೆ. ಮರುದಿನ ಕಾರ್ಯದರ್ಶಿಯ ಫೋನು.

“ಅಲ್ಲಾ, ಸ್ಲೈಡ್ ಫೋರಲ್ಲಿ ಹಂದಿದು ಏನೋ ಇದೆಯಲ್ಲ?”

“ಹಂದಿಯ ಮೂತ್ರಕೋಶ ಸಾರ್. ಅದರಲ್ಲಿ ಮದ್ಯಸಾರ ತುಂಬಿಸಿ ನೀರಲ್ಲಿಟ್ಟ. ನೀರು ತಾನಾಗೇ ಒಳಗೆ ಹೋಗಿ ಅದು ಊದಿಕೊಳ್ತು. ಆಸ್ಮಾಸಿಸ್ ಅಂತೀವಲ್ಲ, ಮೊದಲು ಕಂಡವನು ಇವನೇ.”

“ಸಂಕ್ರಾಂತಿ ದಿನ ಹಂದೀನೂ ಬೇಡ, ಮೂತ್ರಾನೂ ಬೇಡ, ಮದ್ಯಾನೂ ಬೇಡ. ಒಂದೇ ಸ್ಲೈಡಲ್ಲಿ ಮೂರೂ ಹೆಂಗ್ ತಂದ್ರಿ ಮಾರಾಯ್ರೆ? ಆಮೇಲೆ ಸತ್ಯನಾರಾಯಣ ಪೂಜೆ ಬೇರೆ ಇದೆ. ಕರೆಂಟ್ ಒಂದೇ ಸಾಕು.”

ಸರಿ, ಕರೆಂಟೇ ಆಗಲಿ ಎಂದೆ. ಪಾದ್ರಿಯ ಹೆಸರು ಹಬ್ಬಿದ್ದೂ ಅದರಿಂದಲೇ. ಹಾಲೆಂಡಿನಲ್ಲಿ ಕಂಡುಹಿಡಿದ ಒಂದು ಜಾಡಿ ಇತ್ತು. ಗಾಜಿನ ಜಾಡಿ, ಹೊರಗೆ ಲೋಹದ ಹಾಳೆ, ಒಳಗೆ ನೀರು, ಮುಚ್ಚಳದ ಮೂಲಕ ಒಂದು ಕಂಬಿ. ಗಾಜಿನ ತಟ್ಟೆ ಉಜ್ಜಿ ವಿದ್ಯುತ್ತು ಹುಟ್ಟಿಸುವ ಯಂತ್ರವೊಂದನ್ನು ತಿರುಗಿಸಿ ಅದನ್ನು ಜಾಡಿಯಲ್ಲಿ ತುಂಬಿಟ್ಟರೆ, ಒಂದು ಕೈಯಲ್ಲಿ ಜಾಡಿ ಹಿಡಿದು ಇನ್ನೊಂದು ಕೈಯಲ್ಲಿ ಕಂಬಿ ಮುಟ್ಟಿದವನು ಎಗರಿ ಬೀಳುತ್ತಾನೆ. ಪಾದ್ರಿ ಇದನ್ನು ಒಬ್ಬನ ಮೇಲೆ ಬಿಡಲಿಲ್ಲ. ರಾಜನ ಎದುರು ಕಾವಲುಭಟರನ್ನು ಸಾಲಾಗಿ ಕೈಕೈ ಹಿಡಿಸಿ ನಿಲ್ಲಿಸಿದ. ಒಂದು ತುದಿಯವನ ಕೈಗೆ ಜಾಡಿ. ಇನ್ನೊಂದು ತುದಿಯವನು ಕಂಬಿ ಮುಟ್ಟಿದ. ಅಷ್ಟೂ ಜನ ಒಂದೇ ಗಳಿಗೆಯಲ್ಲಿ ಎಗರಿದರು. ಆಮೇಲೆ ಸನ್ಯಾಸಿಗಳನ್ನೂ ಹಾಗೆಯೇ ಎಗರಿಸಿದ. ರಾಜನಿಗೆ ನಗು ತಡೆಯಲಾಗಲಿಲ್ಲವಂತೆ. ನಾನು ಎಡಿಸನ್ ಎಂಬ ಪಕ್ಕದೂರಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತೊಳೆದು ಅದೇ ಸರಂಜಾಮು ಮಾಡಿಕೊಂಡೆ. ಚಿಕ್ಕದು, ಯಾರಿಗೂ ಅಪಾಯವಿಲ್ಲದ್ದು. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ.

ಕಾರ್ಯಕ್ರಮ ಎಡಿಸನ್ನಿನ ಒಂದು ಶಾಲೆಯ ಜಿಮ್ಮಿನಲ್ಲಿ, ಶನಿವಾರ ಮಧ್ಯಾಹ್ನ. ಸತ್ಯನಾರಾಯಣ ಪೂಜೆ ಸಂಜೆ ಐದಕ್ಕೆ. ಇಲ್ಲಿ ಪಂಚಾಂಗ ಬರೆಯುವುದು ಶಾಲೆಯ ಹಾಲ್ ಬುಕಿಂಗ್ ಆಫೀಸು. ಹೊರಗೆ ಒಣ ಚಳಿ. ಕಾರಿನ ಬಾಗಿಲು ಮುಟ್ಟಿದರೆ ಚುರುಕ್ ಎನ್ನುವಂಥ ದಿನ, ನನ್ನ ಜಾಡಿಗೆ ಹೇಳಿ ಮಾಡಿಸಿದ ಹವೆ.

ಬಾಗಿಲಲ್ಲೇ ನಿವೃತ್ತ ಇಂಜಿನಿಯರ್ ಅಂಕಲ್ ಸಿಕ್ಕರು. ಎಲೆಕ್ಟ್ರಿಕಲ್ ಇಂಜಿನಿಯರ್. ಈ ದೇಶದ ದೊಡ್ಡ ಕಂಪನಿಯಲ್ಲಿ ಜೀವಮಾನವಿಡೀ ಟ್ರಾನ್ಸ್‌ಫಾರ್ಮರ್ ಮಾಡಿದವರು. ನಿವೃತ್ತಿಯಾದ ಮೇಲೆ ಸಂಘದ ಪೂಜೆಗಳಿಗೆ ಅವರೇ ಯಜಮಾನರು. ಅವತ್ತೂ ಪೂಜೆಗೆ ಕೂರುವವರು ಅವರೇ ಆದ್ದರಿಂದ ಮಡಿಯಲ್ಲಿದ್ದರು. ಜರಿಯಂಚಿನ ರೇಷ್ಮೆ ಪಂಚೆ, ಹೆಗಲ ಮೇಲೆ ಅದೇ ಜೋಡಿಯ ಶಲ್ಯ, ಕಾಲಲ್ಲಿ ಮಾತ್ರ ಚಳಿಗೆಂದು ಉಣ್ಣೆಯ ಕಾಲುಚೀಲ.

ಅವ್ವನಿಗೆ ದೂರದಿಂದಲೇ ಕೈ ಮುಗಿದರು. “ಏನಮ್ಮಾ, ಊರು ಯಾವ್ದು?”

“ರಾಮನಗ್ರ ಬುದ್ಧಿ.”

“ಓಹೋ. ಮನೆದೇವ್ರು?”

“ಮಾರಮ್ಮ.”

“ಹೂಂ. ಏನ್ ಮಾಡ್ಕೊಂಡಿದ್ರಿ ಅಲ್ಲಿ?”

“ನೂಲ್ ಬಿಚ್ಚಾಕ್ ಓಗ್ತಿದ್ದೆ.”

ಮೂರು ಪ್ರಶ್ನೆಗಳಲ್ಲಿ ಮನುಷ್ಯರನ್ನು ಅಳೆದು ಮುಗಿಸುವ ಈ ವಿದ್ಯೆಗೆ ಯಾವ ಉಪಕರಣವೂ ಬೇಕಿಲ್ಲ. “ಸಂತೋಷ, ಸಂತೋಷ” ಎಂದು ಅವರು ಮೊದಲ ಸಾಲಿಗೆ ಹೋಗಿ ಕೂತರು.

ದೀಪ ಹಚ್ಚುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಬೆಂಕಿ ಹಚ್ಚಿದರೆ ಶಾಲೆಯ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ಬ್ಯಾಟರಿಯ ದೀಪ ತಂದಿದ್ದರು. ಅದರ ಸ್ವಿಚ್ಚನ್ನು ಯಾವ ಮಾಜಿ ಅಧ್ಯಕ್ಷರು ಒತ್ತಬೇಕು ಎಂಬುದು ತೀರ್ಮಾನವಾಗಬೇಕಿತ್ತು. ನಮ್ಮ ಸಂಘದಲ್ಲಿ ಸದಸ್ಯರಿಗಿಂತ ಮಾಜಿ ಅಧ್ಯಕ್ಷರೇ ಹೆಚ್ಚು. ಕೊನೆಗೆ ಎಲ್ಲರೂ ಸೇರಿ, ಒಬ್ಬರ ಬೆರಳ ಮೇಲೆ ಇನ್ನೊಬ್ಬರು ಬೆರಳಿಟ್ಟು ಸ್ವಿಚ್ ಒತ್ತಿದರು.

ನನ್ನ ಮಾತಿಗೆ ಹತ್ತು ನಿಮಿಷ. ಮುಂದಿದ್ದ ಮಕ್ಕಳಿಗೆ ಪಾದ್ರಿಯ ಕಥೆ ಹೇಳಿದೆ. ಮನುಷ್ಯನನ್ನು ರೇಷ್ಮೆ ಹಗ್ಗಗಳಿಂದ ತೂಗುಹಾಕಿ, ಮೈಗೆ ವಿದ್ಯುತ್ತು ತುಂಬಿಸಿ, ಬೆರಳಿಂದ ಕಿಡಿ ಹಾರಿಸುತ್ತಿದ್ದರು ಎಂದೆ. ಒಬ್ಬ ಹುಡುಗಿ ಕೇಳಿದಳು, “ವೈ ಸಿಲ್ಕ್, ಅಂಕಲ್?” ನಾನು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರ್ ಅಂಕಲ್ ಕೂತಲ್ಲಿಂದಲೇ ಇನ್ನೊಂದು ಮೈಕಿಗೆ ಕೈ ಚಾಚಿದರು. “ಬಿಕಾಸ್ ಸಿಲ್ಕ್ ಈಸ್ ಎ ವೆರಿ ಗುಡ್ ಇನ್ಸುಲೇಟರ್, ಪುಟ್ಟಿ. ಕರೆಂಟನ್ನ ದಾಟಕ್ ಬಿಡಲ್ಲ.” ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಆಮೇಲೆ ಸಾಲಿನ ಕಥೆ ಹೇಳಿದೆ. ಪಾದ್ರಿಯ ನಂತರ ಪ್ಯಾರಿಸ್ಸಿನಲ್ಲಿ ಇನ್ನೊಬ್ಬ ಇದೇ ಆಟ ತೋರಿಸುವಾಗ ವಿದ್ಯುತ್ತು ಒಬ್ಬ ಗಂಡಸಿನ ಹತ್ತಿರ ಬಂದು ನಿಂತುಬಿಟ್ಟಿತಂತೆ, ಜನ ಆ ಪಾಪದವನ ಗಂಡಸುತನವನ್ನೇ ಅನುಮಾನಿಸಿದರಂತೆ ಎಂದೂ ಸೇರಿಸಿದೆ. ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಕಾರ್ಯದರ್ಶಿ ಗಡಿಯಾರ ತೋರಿಸಿದರು.

“ಈಗ ಎಲ್ಲರೂ ಬನ್ನಿ. ಪೇಸ್‌ಮೇಕರ್ ಇರೋರು, ಬಸುರಿಯರು, ಹಾರ್ಟ್ ತೊಂದ್ರೆ ಇರೋರು ಕೂತೇ ಇರಿ. ಮಿಕ್ಕವರು ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು” ಎಂದೆ.

ಯಾರು ಎಲ್ಲಿ ಬೇಕಾದರೂ ನಿಲ್ಲುವುದು ನಮ್ಮವರಿಗೆ ಸಾಧ್ಯವೇ ಇಲ್ಲ. ಕಾರ್ಯದರ್ಶಿ ಮೈಕು ಹಿಡಿದು ಜಾತಕ ಕೂಡಿಸುವವರ ಹಾಗೆ ನಿಲ್ಲಿಸುತ್ತ ಬಂದರು. ಮೊದಲು ಮಾಜಿ ಅಧ್ಯಕ್ಷರು ಹತ್ತು ಮಂದಿ, ಹಿರಿತನದ ಪ್ರಕಾರ. ಹನ್ನೊಂದನೆಯವರು ನಿಕಟಪೂರ್ವ ಅಧ್ಯಕ್ಷರಾದ ಹೃದಯದ ಡಾಕ್ಟರು. ಆಸ್ಪತ್ರೆಯಿಂದ ನೇರವಾಗಿ ಸೂಟಿನಲ್ಲಿ ಬಂದವರು, ಪಕೋಡ ತಿಂದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು. ಹನ್ನೆರಡನೆಯವರು ಇಂಜಿನಿಯರ್ ಅಂಕಲ್. ಆಮೇಲೆ ‘ಊರಿಂದ ಬಂದ ಹಿರಿಯರು’. ಭಾಷಣಕಾರನ ತಾಯಿ ಎಂಬ ಗೌರವಕ್ಕೆ ಅವರಲ್ಲಿ ಮೊದಲ ಜಾಗ ಅವ್ವನಿಗೆ. ಆಮೇಲೆ ಗಂಡಂದಿರು, ಹೆಂಡಿರು, ಮಕ್ಕಳು. ಒಟ್ಟು ನಲವತ್ತು ಮಂದಿ.

ಕಾಲೇಜಿನಿಂದ ತಂದಿದ್ದ ಯಂತ್ರದ ಗಾಜಿನ ತಟ್ಟೆ ತಿರುಗಿಸಿದೆ. ಜಾಡಿ ತುಂಬಿತು. ಮೊದಲ ಮಾಜಿ ಅಧ್ಯಕ್ಷರ ಕೈಗೆ ಕೊಟ್ಟೆ. ಸಾಲು ಸುತ್ತಿ ಬಂದು, ಕೊನೆಯಲ್ಲಿ ನಿಂತಿದ್ದ ಹೈಸ್ಕೂಲು ಹುಡುಗಿ ಕಂಬಿ ಮುಟ್ಟಿದಳು.

ಏನೂ ಆಗಲಿಲ್ಲ.

“ಇಟ್ ಜಸ್ಟ್ ಟಿಕಲ್ಡ್” ಎಂದಳು. ಮತ್ತೆ ತುಂಬಿಸಿದೆ. ಮತ್ತೆ ಏನೂ ಇಲ್ಲ.

“ಏನ್ ಸಾರ್, ಮೇಡ್ ಇನ್ ಚೈನಾನಾ?” ಯಾರೋ ಗಂಡಸು.

“ಇಲ್ಲ, ಮೇಡ್ ಇನ್ ಉಪ್ಪಿನಕಾಯಿ” ಇನ್ನೊಬ್ಬರು.

“ಅದಕ್ಕೇ ಹೇಳಿದ್ದು, ಡಾಕ್ಟರೇಟ್ ಇರ್ಬೇಕು ಅಂತ” ಎಂದು ಕಾರ್ಯದರ್ಶಿ ಮೈಕಿನಲ್ಲೇ ಅಂದರು. ಹಾಲ್ ನಕ್ಕಿತು.

ನಾನು ಅವ್ವನ ಕಡೆ ನೋಡಿದೆ. ಹೆಂಡತಿಯ ಹಳೆಯ ಕೋಟಿನ ಮೇಲೆ ಶಾಲು ಹೊದ್ದು ನಿಂತಿದ್ದಳು. ನಗುತ್ತಿರಲಿಲ್ಲ. ಮಗ ಮಾಡುವುದು ಇದೇನಾ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಊರಿಗೆ ಹೊತ್ತುಕೊಂಡು ಹೋಗುತ್ತಿದ್ದ ಉತ್ತರ, ಉಪ್ಪಿನಕಾಯಿ ಜಾಡಿ ಹಿಡಿದು ನಗೆಪಾಟಲಾದ ಅಟೆಂಡರು.

ಕೆಲಸ ಕೆಟ್ಟಾಗ ಏನು ಮಾಡಬೇಕೆಂಬುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಉದ್ದದ ತಂತಿಯಲ್ಲಿ ತುಂಡಾದದ್ದು ಎಲ್ಲೆಂದು ತಿಳಿಯದಿದ್ದರೆ ತುದಿಯಿಂದ ತುದಿಗೆ ತಡಕಾಡುವುದಿಲ್ಲ. ಅರ್ಧ ಮಾಡಿ ನೋಡುತ್ತೇವೆ. ಯಾವ ಅರ್ಧ ಸತ್ತಿದೆಯೋ ಅದನ್ನು ಮತ್ತೆ ಅರ್ಧ. ಮೈಕು ಕಿತ್ತುಕೊಂಡು ಹೇಳಿದೆ, “ಜಾಡಿ ಸರಿಯಾಗಿದೆ. ಸಾಲು ಎಲ್ಲೋ ಕಡಿದಿದೆ. ಎಲ್ಲಿ ಅಂತ ಹುಡುಕೋಣ.”

ಪ್ಯಾರಿಸ್ಸಿನ ಆ ಗಂಡಸಿನ ಕಥೆ ಎಲ್ಲರ ತಲೆಯಲ್ಲೂ ಇತ್ತು ಎಂದು ಕಾಣುತ್ತದೆ. ಮಾಜಿ ಅಧ್ಯಕ್ಷರೆಲ್ಲ ಪಕ್ಕದವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಹಿಂದಿನ ಇಪ್ಪತ್ತು ಮಂದಿ: ಕಿರುಚಿಕೊಂಡು ಎಗರಿದರು. ಮಕ್ಕಳಿಗೆ ಹಬ್ಬ. ಮುಂದಿನ ಇಪ್ಪತ್ತು: ಏನೂ ಇಲ್ಲ. ಅವರಲ್ಲಿ ಮೊದಲ ಹತ್ತು: ಹತ್ತೂ ಮಾಜಿ ಅಧ್ಯಕ್ಷರು ಒಟ್ಟಿಗೆ ‘ಹಾಯ್’ ಎಂದರು, ಬಹುಶಃ ಸಂಘದ ಚರಿತ್ರೆಯಲ್ಲಿ ಅವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಹನ್ನೊಂದರಿಂದ ಇಪ್ಪತ್ತು: ಇಲ್ಲ. ಡಾಕ್ಟರು ಮತ್ತು ಇಂಜಿನಿಯರ್ ಅಂಕಲ್ ಇಬ್ಬರೇ: ಡಾಕ್ಟರು ಇಂಗ್ಲಿಷಿನಲ್ಲಿ ಬೈದರು, ಅಂಕಲ್ “ನಾರಾಯಣ!” ಎಂದರು. ಆ ಇಬ್ಬರ ಜೊತೆಗೆ ಅವ್ವನನ್ನು ಸೇರಿಸಿದೆ.

ಇಲ್ಲ.

ಹತ್ತಿರ ಹೋದೆ. ಅವ್ವನ ಎಡಗೈ ಶಾಲಿನ ಮರೆಯಲ್ಲಿತ್ತು. ಶಾಲು ಸರಿಸಿದೆ. ಅವಳ ಕೈಯಲ್ಲಿ ಅಂಕಲ್‌ರ ಕೈ ಇರಲಿಲ್ಲ. ಅವರ ಶಲ್ಯದ ತುದಿ ಇತ್ತು.

“ಅವರೇ ಕೊಟ್ರು ಕಣಪ್ಪ, ಇದುನ್ನ ಇಡ್ಕೊಳಿ ಅಂತ” ಎಂದಳು ಅವ್ವ, ತಾನೇ ಏನೋ ಕೆಡಿಸಿದವಳ ಹಾಗೆ.

“ಮಡೀಲಿದೀನಪ್ಪಾ” ಎಂದರು ಅಂಕಲ್. “ಪೂಜೆಗೆ ಕೂರ್ಬೇಕಲ್ಲ. ಮುಟ್ಟೋ ಹಾಗಿಲ್ಲ. ಕರೆಂಟಿನ ವಿಷಯ ತಲೆಗೇ ಹೋಗ್ಲಿಲ್ಲ ನೋಡು. ಸಿಲ್ಕು... ಇನ್ಸುಲೇಟರು...”

ಸಾಲಿನಲ್ಲಿ ಪಿಸುಗುಟ್ಟುವಿಕೆ ಶುರುವಾಯಿತು. ಮಡಿ ಅಂದ್ಮೇಲೆ ಪಾಪ ಅವರೇನ್ ಮಾಡ್ತಾರೆ. ಹೌದು, ನ್ಯಾಯವೇ. ಮಡಿಯಲ್ಲಿರುವವರು ಯಾರನ್ನೂ ಮುಟ್ಟುವಂತಿಲ್ಲ, ಅದು ಅವರ ನೇಮ, ನನ್ನದೇನೂ ತಕರಾರಿಲ್ಲ. ಆದರೆ ಒಂದು ನಿಮಿಷದ ಹಿಂದೆ ನನ್ನ ಜಾಡಿ ಇನ್ನೊಂದು ಸಂಗತಿಯನ್ನೂ ಹೇಳಿತ್ತು.

“ಸಾರ್,” ಎಂದೆ, “ಮಡಿ ಸರಿ. ಆದರೆ ಇನ್ನೊಂದು ಕೈಲಿ ಡಾಕ್ಟರ ಕೈ ಹಿಡ್ಕೊಂಡಿದ್ರಲ್ಲ? ಈಗ ತಾನೇ ಇಬ್ಬರೂ ಎಗರಿದ್ರಿ. ಆ ಕೈಗೆ ಮಡಿ ಇಲ್ವಾ?”

ಅಂಕಲ್ ತಮ್ಮ ಆ ಕೈಯನ್ನೇ ನೋಡಿಕೊಂಡರು.

“ಅಲ್ಲಾ, ಅವರು ನಮ್ಮೋರು ಕಣಯ್ಯಾ. ಮೂವತ್ತು ವರ್ಷದ ಪರಿಚಯ” ಎಂದರು ಅಂಕಲ್. ಹೇಳಿದ ಮೇಲೆ ಅವರಿಗೂ ಅದು ಕೇಳಿಸಿತು.

ಕಾರ್ಯದರ್ಶಿ ಓಡಿ ಬಂದರು. “ಅಮ್ಮ,” ಎಂದು ಅವ್ವನಿಗೆ ಕುರ್ಚಿ ತೋರಿಸಿ, “ನೀವು ಬನ್ನಿ, ಕೂತ್ಕೊಳಿ. ಈ ವಯಸ್ಸಲ್ಲಿ ಶಾಕೆಲ್ಲ ಯಾಕೆ? ನೀವು ಬಂದ್ಬಿಟ್ರೆ ಸಾಲು ಸರಿ ಹೋಗತ್ತೆ.”

ಅವ್ವನಿಗಿಂತ ಹತ್ತು ವರ್ಷ ದೊಡ್ಡವರು ಆ ಸಾಲಿನಲ್ಲಿ ಐದಾರು ಜನರಿದ್ದರು. ನಾನು ಬಾಯಿ ತೆರೆದೆ. ಬರುತ್ತಿದ್ದ ಮಾತು ಸಂಘದ ಮೈಕಿಗೆ ಹೊಂದುವಂಥದ್ದಾಗಿರಲಿಲ್ಲ. ಅಷ್ಟರಲ್ಲಿ ಅವ್ವ ಶಲ್ಯದ ತುದಿಯನ್ನು ಎರಡು ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿ, ಮೆಲ್ಲಗೆ ಬಿಟ್ಟಳು.

“ಕೂರಾಕೆ ಬಂದಿಲ್ಲ ಕಣ್ರಪ್ಪ. ನನ್ ಮಗ ಏನ್ ಮಾಡ್ತಾನೆ ಅಂತ ನೋಡಾಕ್ ಬಂದಿರೋದು. ಸಾಲಾಗ್ ನಿಂತ್ಕಂಡೇ ನೋಡ್ತೀನಿ.”

ಅಂಕಲ್ ಗಡಿಯಾರ ನೋಡಿಕೊಂಡರು. “ಪೂಜೆಗೆ ಹೊತ್ತಾಯ್ತು. ನೀವು ಮುಂದುವರಿಸಿ” ಎಂದು ಸಾಲು ಬಿಟ್ಟು ಜಿಮ್ಮಿನ ಆ ಮೂಲೆಯಲ್ಲಿದ್ದ ಮಂಟಪದ ಕಡೆ ನಡೆದರು. ಡಾಕ್ಟರ ಕೈ ಗಾಳಿಯಲ್ಲಿ ಉಳಿಯಿತು. ಅದರ ಪಕ್ಕದಲ್ಲಿ ಅವ್ವನ ಕೈ. ಡಾಕ್ಟರು ಎದುರು ನೋಡಿದರು. ಎದುರಿಗೆ ಮಕ್ಕಳು, ಮಕ್ಕಳ ಕೈಯಲ್ಲಿ ಫೋನುಗಳು, ಎಲ್ಲವೂ ರೆಕಾರ್ಡ್ ಆಗುತ್ತಿತ್ತು. “ಬನ್ನಿ ಅಮ್ಮ” ಎಂದು ಕೈ ಹಿಡಿದರು. ಅವರನ್ನು ಮುಂದೆ ತಳ್ಳಿದ್ದು ಮನುಷ್ಯತ್ವವೋ ಆ ಹತ್ತು ಫೋನುಗಳೋ, ಅದನ್ನು ಅಳೆಯುವ ಉಪಕರಣ ನನ್ನ ನೆಲಮಾಳಿಗೆಯಲ್ಲಿಲ್ಲ.

ಯಂತ್ರ ತಿರುಗಿಸಿದೆ. ಹುಡುಗಿ ಕಂಬಿ ಮುಟ್ಟಿದಳು.

ಮೂವತ್ತೊಂಬತ್ತು ಜನ ಒಟ್ಟಿಗೆ ಎಗರಿದರು. ಆ ಗದ್ದಲದ ಮೇಲೆ ಒಂದು ದನಿ: “ಥೂ, ನಿನ್ ಮನೆ ಕಾಯ್ವಾಗ! ಹೆತ್ತೋಳ್ಗೇ ಹೊಡುಸ್ತೀಯೇನ್ಲಾ?”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅವ್ವ ಕೈ ಕೊಡವಿಕೊಂಡಳು, ಮೊಣಕೈ ತಿಕ್ಕಿಕೊಂಡಳು, ಡಾಕ್ಟರ ಮುಖ ನೋಡಿದಳು. ಅವರೂ ಮೊಣಕೈ ತಿಕ್ಕಿಕೊಳ್ಳುತ್ತಿದ್ದರು. “ನಿಮ್ಗೂ ಹೊಡೀತಾ ಬುದ್ಧಿ?” ಎಂದು ಕೇಳಿದಳು. “ಹೊಡೀತಮ್ಮಾ” ಎಂದರು ಅವರು, ಈ ಸಲ ಇಂಗ್ಲಿಷ್ ಮರೆತು. ಅವ್ವ ನನ್ನ ಕಡೆ ತಿರುಗಿದಳು. “ಇನ್ನೊಂದ್ಸಲ ಬುಡ್ಲಾ.”

ಇನ್ನೊಂದು ಸಲ, ಮತ್ತೊಂದು ಸಲ. ಮಕ್ಕಳು ಬಿಡಲಿಲ್ಲ. ಆ ಮೂಲೆಯಲ್ಲಿ ಇಂಜಿನಿಯರ್ ಅಂಕಲ್ ಮಣೆಯ ಮೇಲೆ ಒಬ್ಬರೇ, ಸಂಪೂರ್ಣ ಮಡಿಯಲ್ಲಿ, ಪೂಜೆಗೆ ಯಾರಾದರೂ ಬರಲಿ ಎಂದು ಕಾಯುತ್ತ ಕೂತಿದ್ದರು.

ಪಾದ್ರಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವನು ವಿದ್ಯುತ್ತಿನ ಬಗ್ಗೆ ಕಟ್ಟಿದ ಸಿದ್ಧಾಂತ ನಿಲ್ಲಲಿಲ್ಲ. ನಮ್ಮ ಮನೆಯಿಂದ ಗಂಟೆಯ ದಾರಿಯ ಫಿಲಡೆಲ್ಫಿಯಾದಲ್ಲಿ ಮುದ್ರಣದ ಅಂಗಡಿ ನಡೆಸಿದ್ದವನೊಬ್ಬ ಬೇರೆ ಸಿದ್ಧಾಂತ ಬರೆದ. ಅದು ಫ್ರಾನ್ಸಿಗೆ ಬಂದಾಗ ಪಾದ್ರಿ, ಅಂಥ ಮನುಷ್ಯನೇ ಇಲ್ಲ, ಇದು ನನ್ನನ್ನು ಕೆಣಕಲು ಪ್ಯಾರಿಸ್ಸಿನ ಶತ್ರುಗಳು ಹುಟ್ಟಿಸಿದ ಹೆಸರು ಎಂದುಕೊಂಡನಂತೆ. ಅರಮನೆಗೆ ಹೋಗಿ ಬಂದವರಿಗೆ ಹಿಡಿಯುವ ರೋಗ ಅದು, ದೂರದ ಊರಿನ ಕಸುಬುದಾರನಿಗೂ ತಲೆ ಇರಬಹುದೆಂದು ಹೊಳೆಯುವುದೇ ಇಲ್ಲ. ತಾನೂ ಹಳ್ಳಿಯಿಂದ ಬಂದವನೆಂದು ಮರೆತಿದ್ದ. ನಾನು ಅವನನ್ನು ಪೂಜಿಸುವುದಿಲ್ಲ. ಅವನ ಕೈಗೆ ಮಾತ್ರ ಮುಗಿಯುತ್ತೇನೆ.

ಕಾರಿನಲ್ಲಿ ನಾನು ಗೆದ್ದ ಹುರುಪಿನಲ್ಲಿದ್ದೆ. “ಹೆಂಗಿತ್ತವ್ವ, ಅವರ ಮುಖ ನೋಡಿದ್ಯಾ?”

ಅವ್ವ ಕಿಟಕಿಯಿಂದ ಹಿಮದ ಗುಡ್ಡೆಗಳನ್ನು ನೋಡುತ್ತಿದ್ದಳು. “ನೋಡ್ದೆ. ಅವಯ್ಯ ಬಟ್ಟೆ ಕೊಟ್ಟಾಗ್ಲೇ ನಂಗೊತ್ತಾಯ್ತು ಯಾಕ್ ಕೊಟ್ಟ ಅಂತ. ಅರವತ್ತೊರ್ಸದಿಂದ ನೋಡಿದೀನಿ, ಇವತ್ ಒಸ್ದಾ?” ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ, “ಅದು ರೇಷ್ಮೆನೇ ಅಲ್ಲ ಕಣ್ಲಾ.”

“ಏನು?”

“ಆ ಶಲ್ಯ. ಅದ್ರಾಗೆ ಒಂದ್ ಎಳೇನೂ ಉಳ ನೂತಿದ್ದಲ್ಲ. ಬರೀ ಪಾಲಿಸ್ಟ್ರು. ಯಾವನೋ ಅಂಗ್ಡಿಯವ್ನು ಅವಯ್ಯಂಗೆ ಟೋಪಿ ಹಾಕವ್ನೆ.”

ನಾನು ಸ್ಟೀರಿಂಗ್ ಮೇಲೆ ಬಡಿದು ನಕ್ಕೆ. “ಅಲ್ಲೇ ಹೇಳ್ಬೇಕಿತ್ತಲ್ಲವ್ವ! ಮೈಕಲ್ಲಿ!”

“ಹೇಳ್ಬೋದಿತ್ತು. ಪೂಜೆಗ್ ಕೂರೋ ಮನ್ಸ. ಹೇಳುದ್ರೆ ಅಲ್ಲೇ ಅವನ್ ಮಡಿ ಹೋಯ್ತು, ಪೂಜೆ ಹೋಯ್ತು. ಬುಡ್ತು ಅಂದ್ಕಂಡೆ.” ಮತ್ತೆ ಕಿಟಕಿಯ ಕಡೆ ತಿರುಗಿದಳು. “ನೀನಾದ್ರೆ ಬುಡ್ತಿರ್ಲಿಲ್ಲ.”

ನಿಜ, ಬಿಡುತ್ತಿರಲಿಲ್ಲ. ಈಗಲೂ ಬಿಡುವುದಿಲ್ಲ, ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಅವ್ವನ ದೊಡ್ಡತನ ಅವ್ವನದು. ಅದನ್ನು ನನ್ನ ಹೆಸರಿಗೆ ಬರೆದುಕೊಂಡರೆ ಅದೂ ‘ಡಾ.’ ಹಾಕಿಕೊಂಡ ಹಾಗೆಯೇ.

ಮರುದಿನ ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದೆ. ಅವ್ವ ಊಟದ ಟೇಬಲಿನಲ್ಲಿ ಕೂತು ಊರಿಗೆ ವೀಡಿಯೋ ಕಾಲ್ ಮಾಡಿದ್ದಳು. ಆ ಕಡೆ ನನ್ನ ತಂಗಿ, ಅವಳ ಹಿಂದೆ ಅರ್ಧ ಬೀದಿ. ಚಿಕ್ಕಪ್ಪನ ದನಿಯೂ ಕೇಳಿಸಿತು. “ಏನತ್ತಿಗೆ, ಮಗ ಏನ್ ಕೆಲ್ಸ ಮಾಡ್ತಾನೆ ಅಂತ ಗೊತ್ತಾಯ್ತಾ ಈಗ್ಲಾದ್ರೂ?”

ನಾನು ಒಲೆ ಸಣ್ಣಗೆ ಮಾಡಿದೆ.

“ಆಯ್ತು ಕಣಪ್ಪ,” ಎಂದಳು ಅವ್ವ. “ದೊಡ್ಡ ದೊಡ್ಡೋರ್ನೆಲ್ಲ ಸಾಲಾಗ್ ನಿಲ್ಲುಸ್ತಾನೆ. ಡಾಕ್ಟ್ರು, ಇಂಜಿನೇರು, ಎಲ್ರುನೂ. ಕೈ ಕೈ ಇಡುಸ್ತಾನೆ. ಆಮೇಕೆ ಎಲ್ರಿಗೂ ಒಂದೇ ಸಲ ಕರೆಂಟ್ ಹೊಡುಸ್ತಾನೆ.”

“ಅದಕ್ಕೆ ಸಂಬ್ಳ ಕೊಡ್ತಾರಾ?”

“ಕೊಡ್ತಾರೆ. ಕಾಲೇಜ್ನಾಗೆ.”

“ಯಾಕಂತೆ ಹೊಡ್ಸೋದು?”

ಅವ್ವ ಯೋಚಿಸಿದಳು. “ಯಾರು ಕೈ ಇಡ್ದಿಲ್ಲ ಅಂತ ಕಂಡುಹಿಡಿಯಾಕೆ.”

ನಾನು ಮಾಡುವ ಕೆಲಸ ಅದಲ್ಲ. ಕಾಫಿ ಲೋಟಕ್ಕೆ ಸುರಿದುಕೊಂಡೆ, ತಿದ್ದಲು ಹೋಗಲಿಲ್ಲ.